ಗುಣಮಟ್ಟ ಸಂಸ್ಕೃತಿ

ಗುಣಮಟ್ಟ ಸಂಸ್ಕೃತಿ ಎಂದರೆ ಉತ್ಪನ್ನ ಅಥವಾ ಸೇವೆಯ ಗುಣಮಟ್ಟವನ್ನು ತಪಾಸಣಾ ವಿಭಾಗಕ್ಕೆ ಮಾತ್ರ ಬಿಡದೆ, ಸಂಸ್ಥೆಯ ಪ್ರತಿಯೊಬ್ಬರೂ ತಮ್ಮ ದೈನಂದಿನ ಕೆಲಸದ ಭಾಗವೆಂದು ಪರಿಗಣಿಸುವ ಕಾರ್ಯಪದ್ಧತಿ. ದೋಷವನ್ನು ಕಂಡವರು ಮುಚ್ಚಿಡದೆ ತಿಳಿಸುವುದು ಹಾಗೂ ತಿಳಿಸಿದವರನ್ನು ದಂಡಿಸದೆ ದೋಷದ ಮೂಲಕಾರಣವನ್ನು ಹುಡುಕುವುದು ಇದರ ಮುಖ್ಯ ಲಕ್ಷಣಗಳು.

ಇತಿಹಾಸ

ಎರಡನೆಯ ಮಹಾಯುದ್ಧದ ನಂತರ ಜಪಾನಿನ ಕೈಗಾರಿಕೆಗಳಲ್ಲಿ ಈ ಪರಿಕಲ್ಪನೆ ಸ್ಪಷ್ಟ ರೂಪ ಪಡೆಯಿತು. ಅಮೆರಿಕದ ಸಂಖ್ಯಾಶಾಸ್ತ್ರಜ್ಞ ಡಬ್ಲ್ಯೂ. ಎಡ್ವರ್ಡ್ಸ್ ಡೆಮಿಂಗ್ 1950ರಲ್ಲಿ ಅಲ್ಲಿನ ಎಂಜಿನಿಯರುಗಳಿಗೆ ಮತ್ತು ಉದ್ಯಮಗಳ ಮುಖ್ಯಸ್ಥರಿಗೆ ಉಪನ್ಯಾಸಗಳನ್ನು ನೀಡಿದರು. ಅವರ ಹೆಸರಿನ ಡೆಮಿಂಗ್ ಪ್ರಶಸ್ತಿ 1951ರಲ್ಲಿ ಆರಂಭವಾಯಿತು. ಕಾರ್ಮಿಕರ ಸಣ್ಣ ಗುಂಪುಗಳು ತಮ್ಮ ಕೆಲಸದ ಸಮಸ್ಯೆಗಳನ್ನು ತಾವೇ ಅಧ್ಯಯನ ಮಾಡಿ ಪರಿಹರಿಸುವ 'ಗುಣಮಟ್ಟ ವೃತ್ತ'ಗಳು ಕವೋರು ಇಶಿಕಾವಾ ಅವರ ಮಾರ್ಗದರ್ಶನದಲ್ಲಿ 1962ರಿಂದ ಪ್ರಚಾರಕ್ಕೆ ಬಂದವು.

ರೂಪಿಸುವ ವಿಧಾನ

ಕೊನೆಯ ಹಂತದ ತಪಾಸಣೆಯನ್ನೇ ಅವಲಂಬಿಸಬಾರದು, ಕೆಲಸದ ಸ್ಥಳದಿಂದ ಭಯವನ್ನು ಹೋಗಲಾಡಿಸಬೇಕು, ಘೋಷಣೆಗಳಿಂದ ಗುಣಮಟ್ಟ ಬರುವುದಿಲ್ಲ ಎಂಬುವು ಡೆಮಿಂಗ್ ಅವರ 14 ಸೂತ್ರಗಳಲ್ಲಿ ಸೇರಿವೆ. ಬಹುಪಾಲು ದೋಷಗಳಿಗೆ ಕಾರ್ಮಿಕರಿಗಿಂತ ವ್ಯವಸ್ಥೆಯೇ ಕಾರಣ. ವ್ಯವಸ್ಥೆಯನ್ನು ಬದಲಿಸುವ ಹೊಣೆ ಆಡಳಿತ ವರ್ಗದ್ದು ಎಂಬುದು ಅವರ ನಿಲುವಾಗಿತ್ತು.

ಟೊಯೊಟಾ ಕಂಪನಿಯ 'ಆಂಡನ್' ಪದ್ಧತಿ ಇದಕ್ಕೆ ಪ್ರಸಿದ್ಧ ಉದಾಹರಣೆ. ದೋಷ ಕಂಡ ಕಾರ್ಮಿಕನು ಜೋಡಣಾ ಸಾಲಿನ ಪಕ್ಕದ ಹಗ್ಗವನ್ನು ಎಳೆದರೆ ಸೂಚನಾ ದೀಪ ಬೆಳಗುತ್ತದೆ ಮತ್ತು ತಂಡದ ನಾಯಕ ನೆರವಿಗೆ ಬರುತ್ತಾನೆ. ನಿಗದಿತ ಅವಧಿಯಲ್ಲಿ ಸಮಸ್ಯೆ ಬಗೆಹರಿಯದಿದ್ದರೆ ಸಾಲು ನಿಲ್ಲುತ್ತದೆ. ದೋಷ ಕಂಡೊಡನೆ ಕೆಲಸ ನಿಲ್ಲಿಸುವ ಈ ತತ್ತ್ವದ ಮೂಲ, ನೂಲಿನ ಎಳೆ ಕಡಿದರೆ ತಾನಾಗಿಯೇ ನಿಲ್ಲುವಂತೆ ಸಾಕಿಚಿ ಟೊಯೊಡಾ ರೂಪಿಸಿದ ಮಗ್ಗದಲ್ಲಿದೆ.

ನುಮ್ಮಿ ಕಾರ್ಖಾನೆ

ಅಮೆರಿಕದ ಕ್ಯಾಲಿಫೋರ್ನಿಯಾದ ಫ್ರೀಮಾಂಟ್‌ನಲ್ಲಿದ್ದ ಜನರಲ್ ಮೋಟರ್ಸ್ ಕಾರ್ಖಾನೆಯು ಗೈರುಹಾಜರಿ, ಕಾರ್ಮಿಕ ಕಲಹ ಮತ್ತು ಕಳಪೆ ಗುಣಮಟ್ಟಕ್ಕೆ ಕುಖ್ಯಾತವಾಗಿದ್ದು, 1982ರಲ್ಲಿ ಮುಚ್ಚಿತು. ಟೊಯೊಟಾ ಸಹಭಾಗಿತ್ವದಲ್ಲಿ ಅದು 1984ರಲ್ಲಿ 'ನುಮ್ಮಿ' ಎಂಬ ಹೆಸರಿನಿಂದ ಪುನರಾರಂಭವಾದಾಗ, ಕಾರ್ಮಿಕರಲ್ಲಿ ಹೆಚ್ಚಿನವರು ಹಳಬರೇ ಆಗಿದ್ದರು. ತರಬೇತಿ, ತಂಡದ ಕೆಲಸ ಮತ್ತು ಸಾಲನ್ನು ನಿಲ್ಲಿಸುವ ಅಧಿಕಾರ ದೊರೆತ ಮೇಲೆ ಗೈರುಹಾಜರಿ ತೀವ್ರವಾಗಿ ಇಳಿಯಿತು; ವಾಹನಗಳ ಗುಣಮಟ್ಟವೂ ಗಣನೀಯವಾಗಿ ಸುಧಾರಿಸಿತು. ಆದರೆ ಜನರಲ್ ಮೋಟರ್ಸ್‌ನ ಇತರ ಘಟಕಗಳಲ್ಲಿ ಈ ಪದ್ಧತಿ ಸುಲಭವಾಗಿ ಬೇರೂರಲಿಲ್ಲ. ಹಗ್ಗವನ್ನು ಅಳವಡಿಸುವುದಕ್ಕಿಂತ, ಅದನ್ನು ಎಳೆದವನನ್ನು ಗದರಿಸದ ಮೇಲಧಿಕಾರಿಗಳನ್ನು ರೂಪಿಸುವುದು ಕಠಿಣವಾಗಿತ್ತು. ನುಮ್ಮಿ 2010ರಲ್ಲಿ ಮುಚ್ಚಿತು.

ಭಾರತದಲ್ಲಿ

ಭಾರತದಲ್ಲಿ ಗುಣಮಟ್ಟ ವೃತ್ತಗಳನ್ನು ಮೊದಲು ಆರಂಭಿಸಿದ್ದು ಭಾರತ್ ಹೆವಿ ಎಲೆಕ್ಟ್ರಿಕಲ್ಸ್ ಸಂಸ್ಥೆಯ ಹೈದರಾಬಾದ್ ಘಟಕ, 1980ರಲ್ಲಿ. ಸುಂದರಂ ಕ್ಲೇಟನ್ ಕಂಪನಿಯ ಬ್ರೇಕ್ ವಿಭಾಗ 1998ರಲ್ಲಿ ಡೆಮಿಂಗ್ ಪ್ರಶಸ್ತಿ ಪಡೆದ ಮೊದಲ ಭಾರತೀಯ ಸಂಸ್ಥೆಯಾಯಿತು. ಕರ್ನಾಟಕದ ಬಿಡದಿಯಲ್ಲಿರುವ ಟೊಯೊಟಾ ಕಿರ್ಲೋಸ್ಕರ್ ಮೋಟರ್, ಗ್ರಾಮೀಣ ಭಾಗದ ಯುವಜನರಿಗಾಗಿ 2007ರಲ್ಲಿ ತಾಂತ್ರಿಕ ತರಬೇತಿ ಸಂಸ್ಥೆಯೊಂದನ್ನು ಸ್ಥಾಪಿಸಿತು.

ಉಳಿಸಿಕೊಳ್ಳುವ ಸವಾಲು

ಉತ್ಪಾದನಾ ಗುರಿಯ ಒತ್ತಡ, ಪ್ರಮಾಣಪತ್ರಕ್ಕಾಗಿ ಮಾತ್ರ ದಾಖಲೆ ಇಡುವ ರೂಢಿ ಮತ್ತು ತ್ವರಿತ ವಿಸ್ತರಣೆ ಈ ಸಂಸ್ಕೃತಿಯನ್ನು ದುರ್ಬಲಗೊಳಿಸುತ್ತವೆ. ಟೊಯೊಟಾ ಕೂಡ ಇದಕ್ಕೆ ಹೊರತಾಗಲಿಲ್ಲ. 2009-10ರಲ್ಲಿ ಅದು ವೇಗವರ್ಧಕ ಪೆಡಲ್ ಮತ್ತು ನೆಲಹಾಸಿನ ಸಮಸ್ಯೆಗಳಿಂದ ಲಕ್ಷಾಂತರ ವಾಹನಗಳನ್ನು ಹಿಂದಕ್ಕೆ ಕರೆಸಿಕೊಂಡಿತು. ಸಿಬ್ಬಂದಿಯನ್ನು ಬೆಳೆಸುವ ವೇಗವನ್ನು ಮೀರಿ ಕಂಪನಿ ಬೆಳೆಯಿತೆಂದು ಅದರ ಅಧ್ಯಕ್ಷ ಅಕಿಯೊ ಟೊಯೊಡಾ 2010ರ ಫೆಬ್ರವರಿಯಲ್ಲಿ ಅಮೆರಿಕದ ಸಂಸದೀಯ ಸಮಿತಿಯ ಮುಂದೆ ಒಪ್ಪಿಕೊಂಡರು. ಆದ್ದರಿಂದ ಗುಣಮಟ್ಟ ಸಂಸ್ಕೃತಿಯನ್ನು ಒಮ್ಮೆ ಸಾಧಿಸಿ ಮುಗಿಸುವ ಗುರಿಯೆಂದು ನೋಡದೆ, ಹೊಸ ಸಿಬ್ಬಂದಿ ಬಂದಂತೆಲ್ಲ ಮತ್ತೆ ಕಲಿಸಬೇಕಾದ ನಿರಂತರ ಅಭ್ಯಾಸವೆಂದು ಪರಿಗಣಿಸಲಾಗುತ್ತದೆ.