ಜೀವದಾನದಲ್ಲಿ ಪಾತ್ರಾಪಾತ್ರ ವಿಚಾರ

ದಾನವನ್ನು ಮಾಡುವಾಗ ದೇಶ, ಕಾಲ, ಪಾತ್ರಗಳನ್ನು ವಿಚಾರಿಸಬೇಕೆಂದು ನಮ್ಮ ಹಿರಿಯರು ಹೇಳಿರುವರು. ಭೂಮಿಯನ್ನೋ ಹಣವನ್ನೋ ಕೊಡುವವನು ಪಡೆಯುವವನ ಯೋಗ್ಯತೆಯನ್ನು ನೋಡುವುದು ಸಹಜವೇ ಸರಿ. ಆದರೆ ಹಸಿದು ಬಂದವನಿಗೆ ಅನ್ನವಿಕ್ಕುವಾಗ, ರೋಗದಿಂದ ನರಳುವವನಿಗೆ ಔಷಧವೀಯುವಾಗ ಈ ವಿಚಾರ ಸಲ್ಲದೆಂಬುದೂ ಅವರ ಮಾತೇ ಆಗಿದೆ. ಅಲ್ಲಿ ಹಸಿವೇ ಯೋಗ್ಯತೆ, ನೋವೇ ಅರ್ಹತೆ. ಕೇಳುವುದಕ್ಕೆ ಇದು ಸುಲಭವಾದ ತತ್ತ್ವ. ಆದರೆ ಮೂವರಿಗೆ ಸಾಲುವಷ್ಟೇ ಅನ್ನವಿದ್ದು, ಬಾಗಿಲಲ್ಲಿ ಮೂವತ್ತು ಜನರು ನಿಂತಿದ್ದರೆ ಏನು ಮಾಡಬೇಕು? ಅನ್ನವನ್ನಾದರೆ ತುತ್ತು ತುತ್ತಾಗಿ ಹಂಚಿಕೊಳ್ಳಬಹುದು, ಹಂಚಲಾಗದ ಚಿಕಿತ್ಸೆಯಾದರೆ? ಕಳೆದ ಶತಮಾನದಲ್ಲಿ ಅಮೆರಿಕದ ಒಂದು ನಗರದಲ್ಲಿ ಈ ಪ್ರಶ್ನೆಯು ತರ್ಕದ ಮಟ್ಟವನ್ನು ಬಿಟ್ಟು ಜೀವಂತ ಜನರ ಮುಂದೆ ಬಂದು ನಿಂತಿತು. ಕೃತಕ ಮೂತ್ರಪಿಂಡದ ಚರಿತ್ರೆಯಲ್ಲಿ ಸೇರಿರುವ ಆ ಸಂಗತಿಯನ್ನು ಇಲ್ಲಿ ಪರಿಶೀಲಿಸೋಣ.

ರಕ್ತದಲ್ಲಿ ಸೇರುವ ಕಲ್ಮಷಗಳನ್ನು ಸೋಸಿ ಹೊರಹಾಕುವುದು ಮೂತ್ರಪಿಂಡಗಳ ಕಾರ್ಯ. ಅವು ಕೆಟ್ಟರೆ ಆ ಕಲ್ಮಷವೇ ವಿಷವಾಗಿ ಮನುಷ್ಯನನ್ನು ಕೊಲ್ಲುತ್ತದೆ. ೧೯೩೮ರಲ್ಲಿ ಹಾಲೆಂಡ್ ದೇಶದ ವಿಲೆಮ್ ಕೋಲ್ಫ್ ಎಂಬ ತರುಣ ವೈದ್ಯನ ಕಣ್ಣೆದುರಿನಲ್ಲಿ ರೈತನೊಬ್ಬನ ಮಗ, ಇಪ್ಪತ್ತೆರಡು ವರ್ಷದ ಯುವಕ, ಹೀಗೆಯೇ ಪ್ರಾಣಬಿಟ್ಟನು. ಏನೂ ಮಾಡಲಾಗಲಿಲ್ಲವಲ್ಲಾ ಎಂಬ ವ್ಯಥೆಯು ಆ ವೈದ್ಯನನ್ನು ಸುಮ್ಮನಿರಗೊಡಲಿಲ್ಲ. ಮುಂದೆ ಜರ್ಮನರು ಹಾಲೆಂಡನ್ನು ಆಕ್ರಮಿಸಿದ ಕಾಲದಲ್ಲಿ ಆತನು ಕಾಂಪೆನ್ ಎಂಬ ಸಣ್ಣ ಊರಿನ ಆಸ್ಪತ್ರೆಗೆ ಹೋದನು. ಯಾವ ಸಾಮಗ್ರಿಯೂ ಸರಿಯಾಗಿ ಸಿಗದ ಆ ದಿನಗಳಲ್ಲಿ ಮರದ ಪಟ್ಟಿಗಳ ಉರುಳೆಯೊಂದನ್ನು ಮಾಡಿಸಿ, ಅದಕ್ಕೆ ಸೆಲೊಫೇನ್ ಕೊಳವೆಯನ್ನು ಸುತ್ತಿ, ಉಪ್ಪುನೀರಿನ ತೊಟ್ಟಿಯಲ್ಲಿ ಅದು ತಿರುಗುವಂತೆ ಮಾಡಿದನು. ಕೊಳವೆಯೊಳಗೆ ಹರಿಯುವ ರಕ್ತದ ಕಲ್ಮಷವು ಅದರ ತೆಳುವಾದ ಪೊರೆಯ ಮೂಲಕ ನೀರಿಗೆ ಇಳಿಯುತ್ತಿತ್ತು. ೧೯೪೩ರಲ್ಲಿ ಈ ಯಂತ್ರದ ಪ್ರಯೋಗವು ರೋಗಿಗಳ ಮೇಲೆ ಆರಂಭವಾಯಿತು. ಆದರೆ ಮೊದಮೊದಲ ರೋಗಿಗಳಲ್ಲಿ ಬಹುತೇಕ ಎಲ್ಲರೂ ತೀರಿಕೊಂಡರು.

ಯುದ್ಧವು ಮುಗಿದ ೧೯೪೫ರ ಸೆಪ್ಟೆಂಬರಿನಲ್ಲಿ ಅರವತ್ತೇಳು ವರ್ಷದ ವೃದ್ಧೆಯೊಬ್ಬಳನ್ನು ಪ್ರಜ್ಞಾಹೀನ ಸ್ಥಿತಿಯಲ್ಲಿ ಕೋಲ್ಫನ ಬಳಿಗೆ ತರಲಾಯಿತು. ಆಕೆ ಶತ್ರುಗಳಾದ ನಾಜಿಗಳ ಪಕ್ಷವಹಿಸಿ ಸೆರೆಯಲ್ಲಿದ್ದವಳು. ಊರಿನ ಅನೇಕರಿಗೆ ಆಕೆಯು ಬದುಕುವುದು ಬೇಕಾಗಿರಲಿಲ್ಲ. ಕೋಲ್ಫನು ಶತ್ರುಗಳ ಆಳ್ವಿಕೆಯ ಸಂಕಟವನ್ನು ಸ್ವತಃ ಕಂಡವನು. ಆದರೂ ಆತನು ರೋಗಿಯ ಗುಣದೋಷಗಳ ವಿಚಾರಕ್ಕೆ ಹೋಗದೆ ಯಂತ್ರವನ್ನು ಜೋಡಿಸಿದನು. ಆಕೆಯು ಕಣ್ತೆರೆದಳು, ಮತ್ತೆ ಹಲವು ವರ್ಷ ಬದುಕಿದಳು. ಕೃತಕ ಮೂತ್ರಪಿಂಡವು ಉಳಿಸಿದ ಪ್ರಪ್ರಥಮ ಜೀವಗಳಲ್ಲಿ ಒಂದು, ಸಮಾಜವು ‘ಅಪಾತ್ರ’ವೆಂದು ತಳ್ಳಿದ ಜೀವವಾಗಿತ್ತೆಂಬುದು ಗಮನಾರ್ಹವಾದ ಸಂಗತಿ. ತದನಂತರ ಕೋಲ್ಫನು ತಾನು ನಿರ್ಮಿಸಿದ್ದ ಯಂತ್ರಗಳನ್ನು ಬೇರೆ ದೇಶಗಳ ಆಸ್ಪತ್ರೆಗಳಿಗೆ ದಾನವಾಗಿ ಕಳುಹಿಸಿಕೊಟ್ಟನು.

ಆದರೂ ಈ ಚಿಕಿತ್ಸೆಗೆ ಒಂದು ದೊಡ್ಡ ಮಿತಿಯಿತ್ತು. ಪ್ರತಿಸಲವೂ ಹೊಸದಾಗಿ ರಕ್ತನಾಳವನ್ನು ಕೊಯ್ಯಬೇಕಾಗುತ್ತಿದ್ದುದರಿಂದ ಕೆಲವೇ ಬಾರಿ ಅದನ್ನು ನಡೆಸಬಹುದಾಗಿತ್ತು. ತಾತ್ಕಾಲಿಕವಾಗಿ ಮೂತ್ರಪಿಂಡ ಕೆಟ್ಟವರಿಗೆ ಅದು ವರವಾಯಿತೇ ಹೊರತು, ಶಾಶ್ವತವಾಗಿ ಕೆಟ್ಟವರಿಗೆ ಆಗಲಿಲ್ಲ. ೧೯೬೦ರಲ್ಲಿ ಅಮೆರಿಕದ ಸಿಯಾಟಲ್ ನಗರದ ವೈದ್ಯ ಬೆಲ್ಡಿಂಗ್ ಸ್ಕ್ರಿಬ್ನರ್ ಟೆಫ್ಲಾನಿನ ಸಣ್ಣ ಕೊಳವೆಯೊಂದನ್ನು ರೋಗಿಯ ತೋಳಿನಲ್ಲಿ ಸ್ಥಿರವಾಗಿ ಇರಿಸುವ ಉಪಾಯವನ್ನು ಕಂಡುಹಿಡಿದನು. ಅದನ್ನು ಮೊದಲು ಪಡೆದವನು ಬೋಯಿಂಗ್ ವಿಮಾನ ಕಾರ್ಖಾನೆಯ ಕುಶಲಕರ್ಮಿ ಕ್ಲೈಡ್ ಶೀಲ್ಡ್ಸ್. ಸಾವಿನ ಅಂಚಿನಲ್ಲಿದ್ದ ಆತನು ಮತ್ತೆ ಹನ್ನೊಂದು ವರ್ಷ ಬದುಕಿದನು. ಮರಣವು ನಿಶ್ಚಿತವಾಗಿದ್ದ ರೋಗವೊಂದು ಹೀಗೆ ಸಹಿಸಿಕೊಂಡು ಬಾಳಬಹುದಾದ ರೋಗವಾಯಿತು.

ಸಂಕಟವು ಆರಂಭವಾದುದು ಇಲ್ಲಿಂದಲೇ. ೧೯೬೨ರಲ್ಲಿ ಸಿಯಾಟಲಿನಲ್ಲಿ ಈ ಚಿಕಿತ್ಸೆಗಾಗಿಯೇ ಒಂದು ಕೇಂದ್ರವು ತೆರೆಯಿತು. ಆರಂಭದಲ್ಲಿ ಅಲ್ಲಿದ್ದ ಹಾಸಿಗೆಗಳು ಮೂರೇ ಮೂರು. ಒಬ್ಬ ರೋಗಿಗೆ ವರ್ಷಕ್ಕೆ ತಗಲುವ ವೆಚ್ಚ ಹತ್ತು ಸಾವಿರ ಡಾಲರುಗಳಿಗೂ ಮಿಕ್ಕಿತ್ತು. ಬೇಡಿ ಬಂದವರೆಲ್ಲರೂ ಸಾಯಲಿರುವವರೇ. ಮೊದಲು ವೈದ್ಯರ ಸಮಿತಿಯೊಂದು ದೇಹಸ್ಥಿತಿಯನ್ನು ಪರೀಕ್ಷಿಸಿ, ಮಕ್ಕಳನ್ನೂ ನಲವತ್ತೈದು ವರ್ಷ ದಾಟಿದವರನ್ನೂ ಬಿಟ್ಟು, ಚಿಕಿತ್ಸೆಗೆ ತಕ್ಕವರ ಪಟ್ಟಿಯನ್ನು ಮಾಡುತ್ತಿತ್ತು. ಆ ಪಟ್ಟಿಯೂ ಯಂತ್ರಗಳ ಶಕ್ತಿಯನ್ನು ಮೀರುತ್ತಿದ್ದುದರಿಂದ ಎರಡನೆಯ ಸಮಿತಿಯೊಂದನ್ನು ರಚಿಸಲಾಯಿತು. ಅದರಲ್ಲಿದ್ದವರು ಏಳು ಮಂದಿ: ಒಬ್ಬ ವಕೀಲ, ಒಬ್ಬ ಪಾದ್ರಿ, ಒಬ್ಬ ಬ್ಯಾಂಕಿನ ಅಧಿಕಾರಿ, ಒಬ್ಬ ಗೃಹಿಣಿ, ಒಬ್ಬ ಸರ್ಕಾರಿ ಅಧಿಕಾರಿ, ಒಬ್ಬ ಕಾರ್ಮಿಕ ನಾಯಕ, ಒಬ್ಬ ಶಸ್ತ್ರವೈದ್ಯ. ಅವರ ಹೆಸರುಗಳನ್ನು ಗುಪ್ತವಾಗಿಡಲಾಗಿತ್ತು. ಬದುಕುವವರಾರು, ಸಾಯುವವರಾರು ಎಂಬುದನ್ನು ತೀರ್ಮಾನಿಸುವುದು ಅವರ ಕೆಲಸವಾಗಿತ್ತು.

ಅವರು ಯಾವ ತಕ್ಕಡಿಯಿಂದ ತೂಗಿದರು? ೧೯೬೨ರ ನವೆಂಬರಿನಲ್ಲಿ ‘ಲೈಫ್’ ಪತ್ರಿಕೆಯಲ್ಲಿ ಶಾನಾ ಅಲೆಗ್ಸಾಂಡರ್ ಎಂಬ ಲೇಖಕಿಯು ಪ್ರಕಟಿಸಿದ ಲೇಖನದಿಂದ ಅದು ಲೋಕಕ್ಕೆ ತಿಳಿಯಿತು. ರೋಗಿಯ ವಯಸ್ಸು, ವಿವಾಹ, ಅವಲಂಬಿತರ ಸಂಖ್ಯೆ, ಆದಾಯ, ಆಸ್ತಿ, ವಿದ್ಯೆ, ಉದ್ಯೋಗ, ಮನಸ್ಸಿನ ಸ್ಥಿರತೆ, ಹಿಂದಿನ ಸಾಧನೆ, ಮುಂದಿನ ಭರವಸೆ ಇವೆಲ್ಲವೂ ಲೆಕ್ಕಕ್ಕೆ ಬರುತ್ತಿದ್ದುವು. ಸಂಸಾರವಂತನಾಗಿ, ನೌಕರಿಯಲ್ಲಿದ್ದು, ಚರ್ಚಿಗೂ ಸಂಘಸಂಸ್ಥೆಗಳಿಗೂ ದುಡಿಯುವವನು ಹೆಚ್ಚು ತೂಗುತ್ತಿದ್ದನು. ಹಾಗಾದರೆ ಒಂಟಿಯಾಗಿ ಬಾಳುವವನು, ರೂಢಿಗೆ ಒಗ್ಗದ ಚಿಂತಕನು, ಕೆಲಸ ಕಳೆದುಕೊಂಡ ಬಡವನು? ಹೆನ್ರಿ ಡೇವಿಡ್ ಥೋರೊವಿನಂತಹ ಮಹನೀಯನಿಗೆ ಮೂತ್ರಪಿಂಡ ಕೆಟ್ಟಿದ್ದರೆ ಈ ಸಮಿತಿಯ ಮುಂದೆ ಆತನು ಉಳಿಯುತ್ತಿರಲಿಲ್ಲವೆಂದು ಕೆಲವು ವರ್ಷಗಳ ತರುವಾಯ ಇಬ್ಬರು ವಿದ್ವಾಂಸರು ಟೀಕಿಸಿದರು. ಟೀಕೆಯು ಯುಕ್ತವಾಗಿಯೇ ಇದೆ. ಏಳು ಮಂದಿಯೂ ತಮಗರಿಯದಂತೆ ತಮ್ಮಂತಹವರನ್ನೇ ಯೋಗ್ಯರೆಂದು ಕಂಡರು. ಲೋಕದ ಕಣ್ಣಿನಿಂದ ಅಳೆಯಹೊರಟರೆ ಸರ್ವಸಂಗ ಪರಿತ್ಯಾಗಿಗಳಾದ ನಮ್ಮ ವಿರಕ್ತರಿಗೂ ಅಲ್ಲಿ ಸ್ಥಾನವು ದೊರೆಯುತ್ತಿರಲಿಲ್ಲ!

ಹಾಗೆಂದು ಆ ಏಳು ಮಂದಿಯನ್ನು ನಿಷ್ಕರುಣಿಗಳೆಂದು ಹಳಿಯುವುದು ಸುಲಭ, ನ್ಯಾಯವಲ್ಲ. ಅವರು ಅಧಿಕಾರವನ್ನು ಬಯಸಿ ಬಂದವರಲ್ಲ. ತಾವು ಕೈಬಿಟ್ಟವರ ನೆನಪಿನಿಂದ ನೊಂದವರು. ಇನ್ನೊಂದು ವಿಚಾರವೂ ಉಂಟು. ಅವರ ನಿರಾಕರಣೆಯೇ ಕೆಲವರಿಗೆ ಹೊಸ ದಾರಿಯನ್ನು ಹುಡುಕುವ ಪ್ರೇರಣೆಯಾಯಿತು. ಚಿಕಿತ್ಸೆಗೆ ಆಯ್ಕೆಯಾಗದ ಒಬ್ಬ ವಿದ್ಯಾರ್ಥಿನಿಗಾಗಿ ೧೯೬೪ರಲ್ಲಿ ವಾಷಿಂಗ್ಟನ್ ವಿಶ್ವವಿದ್ಯಾನಿಲಯದ ಆಲ್ಬರ್ಟ್ ಬ್ಯಾಬ್ ಮತ್ತು ಆತನ ಸಂಗಡಿಗ ಇಂಜಿನಿಯರರು ಮನೆಯಲ್ಲಿಯೇ ನಡೆಸಬಹುದಾದ ಯಂತ್ರವನ್ನು ಸಿದ್ಧಪಡಿಸಿದರು. ಯಾರಿಗೆ ಕೊಡಬೇಕೆಂದು ಏಳು ಮಂದಿ ತೂಗುತ್ತಿದ್ದಾಗ, ಇನ್ನೊಬ್ಬರಿಗೂ ಕೊಡುವುದು ಹೇಗೆಂದು ಇವರು ಯೋಚಿಸಿದರು. ಪಾತ್ರಾಪಾತ್ರದ ಪ್ರಶ್ನೆಗೆ ದೊರೆತ ಉತ್ತಮವಾದ ಉತ್ತರವು ಇದೇ ಎಂದು ನಮ್ಮ ಭಾವನೆ.

ಸಮಿತಿಯ ವಿಚಾರವಾಗಿ ಎದ್ದ ಚರ್ಚೆಯು ದೇಶವ್ಯಾಪಿಯಾಯಿತು. ೧೯೭೧ರ ನವೆಂಬರಿನಲ್ಲಿ ರೋಗಿಗಳ ಸಂಘದ ಪದಾಧಿಕಾರಿ ಶೆಪ್ ಗ್ಲೇಜರ್ ಅಮೆರಿಕದ ಶಾಸನಸಭೆಯ ಸಮಿತಿಯ ಎದುರಿನಲ್ಲಿಯೇ ಯಂತ್ರಕ್ಕೆ ದೇಹವನ್ನು ಜೋಡಿಸಿಕೊಂಡು ತೋರಿಸಿದನು. ೧೯೭೨ರ ಅಕ್ಟೋಬರ್ ೩೦ರಂದು ಅಧ್ಯಕ್ಷ ನಿಕ್ಸನ್ ಸಹಿ ಮಾಡಿದ ಶಾಸನದಂತೆ, ೧೯೭೩ರ ಜುಲೈ ೧ರಿಂದ ಶಾಶ್ವತವಾಗಿ ಮೂತ್ರಪಿಂಡ ಕೆಟ್ಟ ಬಹುತೇಕ ಎಲ್ಲ ರೋಗಿಗಳ ಚಿಕಿತ್ಸೆಯ ಭಾರವನ್ನು ಸರ್ಕಾರವು ಹೊತ್ತಿತು. ಆಗ ಸುಮಾರು ಹತ್ತು ಸಾವಿರವಿದ್ದ ಅಂತಹ ರೋಗಿಗಳ ಸಂಖ್ಯೆ ಇಂದು ಐದು ಲಕ್ಷವನ್ನು ಮೀರಿದೆ. ಯೋಗ್ಯತೆಯನ್ನು ಅಳೆಯುವ ಸಮಿತಿಯ ಅವಶ್ಯಕತೆಯು ಅಲ್ಲಿ ಅಳಿಯಿತು. ಆದರೆ ಸರ್ಕಾರದ ಹಣವು ಹರಿದೆಡೆಗೆ ವ್ಯಾಪಾರವೂ ಬಂದಿತು. ಇಂದು ಆ ದೇಶದ ರಕ್ತಶೋಧನ ಕೇಂದ್ರಗಳಲ್ಲಿ ಬಹುಭಾಗವು ಲಾಭಕ್ಕಾಗಿ ದುಡಿಯುವ ದೊಡ್ಡ ಕಂಪನಿಗಳ ಕೈಯಲ್ಲಿದೆ. ವೆಚ್ಚವು ಎಲ್ಲಿಗೆ ಮುಟ್ಟುವುದೆಂಬ ಚಿಂತೆಯೂ ತೀರಿಲ್ಲ.

ಇನ್ನು ನಮ್ಮ ದೇಶದ ಮಾತು. ಪ್ರತಿವರ್ಷವೂ ಸುಮಾರು ೨.೨ ಲಕ್ಷ ಜನರು ಈ ರೋಗದ ಕೊನೆಯ ಹಂತವನ್ನು ಹೊಸದಾಗಿ ತಲುಪುವರೆಂದು ಕೇಂದ್ರ ಸರ್ಕಾರವು ಅಂದಾಜು ಮಾಡಿದೆ. ೨೦೧೬ರಲ್ಲಿ ಘೋಷಿಸಲಾದ ರಾಷ್ಟ್ರೀಯ ಡಯಾಲಿಸಿಸ್ ಕಾರ್ಯಕ್ರಮದಿಂದ ಜಿಲ್ಲಾ ಆಸ್ಪತ್ರೆಗಳಲ್ಲಿ ಬಡವರಿಗೆ ಉಚಿತ ಚಿಕಿತ್ಸೆಯ ಏರ್ಪಾಟಾಗಿರುವುದು ಶ್ಲಾಘನೀಯ. ಆದರೆ ವಾರಕ್ಕೆ ಎರಡು ಮೂರು ಸಲ ದೂರದ ಊರಿಗೆ ಹೋಗಿಬರುವ ಖರ್ಚು, ಜೊತೆಗೆ ಹೋಗುವವನು ಕಳೆದುಕೊಳ್ಳುವ ಕೂಲಿ, ಚುಚ್ಚುಮದ್ದಿನ ಬೆಲೆ ಇವನ್ನು ಯಾರು ಕೊಡುವರು? ಮೊದಲು ಹಸು, ಆಮೇಲೆ ಹೊಲ, ಕೊನೆಗೆ ಮನೆಯೊಡತಿಯ ಕೊರಳಿನ ಚಿನ್ನ ಹೀಗೆ ಒಂದೊಂದಾಗಿ ಮಾರಿ, ಮಾರುವುದೇನೂ ಉಳಿಯದಾದಾಗ ಆಸ್ಪತ್ರೆಗೆ ಹೋಗುವುದನ್ನು ನಿಲ್ಲಿಸಿದ ಸಂಸಾರಗಳನ್ನು ನಾವು ಬಲ್ಲೆವು. ಅವರನ್ನು ಯಾವ ಸಮಿತಿಯೂ ನಿರಾಕರಿಸಲಿಲ್ಲ. ಒಂದು ದಿನ ಅವರು ಬರಲಿಲ್ಲ, ಅಷ್ಟೆ. ಸಿಯಾಟಲಿನಲ್ಲಿ ಏಳು ಮಂದಿ ಕುಳಿತು ಮಾಡಿದುದನ್ನು ನಮ್ಮಲ್ಲಿ ಬಡತನವು ಒಂಟಿಯಾಗಿ, ಸದ್ದಿಲ್ಲದೆ ಮಾಡುತ್ತಿದೆ. ಅವರಿಗಾದರೂ ನಿದ್ರೆ ಕೆಡುತ್ತಿತ್ತು. ಇಲ್ಲಿ ಯಾರ ನಿದ್ರೆಯೂ ಕೆಡುವುದಿಲ್ಲ.

ಇಂದು ಮಠಗಳೂ ಆಸ್ಪತ್ರೆಗಳನ್ನು ನಡೆಸುತ್ತಿವೆ. ಮಠದ ಪ್ರಸಾದವನ್ನುಂಡು ಓದಿದ ಅನೇಕರು ಇಂದು ವೈದ್ಯರಾಗಿಯೂ ಅಧಿಕಾರಿಗಳಾಗಿಯೂ ಇರುವರು. ಪಂಕ್ತಿಯಲ್ಲಿ ಕುಳಿತಾಗ ಅವರ ಯೋಗ್ಯತೆಯನ್ನು ಯಾರೂ ಕೇಳಿರಲಿಲ್ಲವೆಂಬುದನ್ನು ಅವರು ಮರೆಯಲಾಗದು. ಯಂತ್ರವನ್ನು ದಾನಮಾಡುವ ಸದ್ಭಕ್ತರು ಅದರೊಡನೆ ರೋಗಿಯ ಬಸ್ಸಿನ ಖರ್ಚನ್ನೂ ನೆನೆಯಲಿ. ಚಿಕಿತ್ಸೆಯನ್ನು ಅರ್ಧಕ್ಕೆ ಬಿಟ್ಟವನು ಏಕೆ ಬರಲಿಲ್ಲವೆಂದು ವಿಚಾರಿಸಲು ಪ್ರತಿಯೊಂದು ಆಸ್ಪತ್ರೆಯಲ್ಲಿಯೂ ಒಬ್ಬನಿರಲಿ. ಸಾಧನವು ಸಾಲದಿರುವಾಗ ಸರದಿಯನ್ನು ಪಾಲಿಸೋಣ. ಆದರೆ ಯಾರ ಜೀವವು ಹೆಚ್ಚು, ಯಾರದು ಕಡಿಮೆ ಎಂದು ತೂಗುವ ತಕ್ಕಡಿಯನ್ನು ಕೈಗೆತ್ತಿಕೊಳ್ಳದಿರೋಣ. ಹಾಲೆಂಡಿನ ಆ ವೈದ್ಯನು ನಾಡಿಗೇ ಬೇಡವಾಗಿದ್ದ ವೃದ್ಧೆಯ ಮಂಚದ ಬಳಿಯಲ್ಲಿ ನಿಂತು ತೋರಿಸಿಕೊಟ್ಟ ಧರ್ಮವೂ ಇದೇ ಆಗಿದೆ.