ಫಾರ್ಮ್ಯಾಟ್ ಹೊಡೆಯುವ ಮೊದಲು

ಬಳ್ಳಾರಿಯಲ್ಲಿ ಕಂಪ್ಯೂಟರ್ ರಿಪೇರಿಗೆ ಬಹುಕಾಲ ಒಂದೇ ಮದ್ದಿತ್ತು. "ಸಿಸ್ಟಮ್ ಭಾಳ ಸ್ಲೋ ಆಗೈತಣ್ಣ" ಅಂದರೆ, "ಬಿಟ್ಟು ಹೋಗಪ್ಪ, ಸಂಜಿಗೆ ಫಾರ್ಮ್ಯಾಟ್ ಹೊಡೆದು ಕೊಡ್ತೀನಿ." ಹಾಗೆ ಅಳಿಸಿಹೋದ ಮದುವೆ ಫೋಟೊಗಳು, ‘ನುಡಿ’ ತಂತ್ರಾಂಶದಲ್ಲಿ ಟೈಪು ಮಾಡಿದ ಅರ್ಜಿಗಳು, ಜೀನ್ಸ್ ಹೊಲಿಸುವವರ ಲೆಕ್ಕಗಳು ನೆನಪಾದರೆ ಈ ಕಸುಬಿನವನಾದ ನನಗೆ ಈಗಲೂ ಸಂಕಟವಾಗುತ್ತದೆ.

ಆಗ ಒಳಗೆ ಇಣುಕುವ ದಾರಿಯೂ ಕಿರಿದೇ. ವಿಂಡೋಸ್ 98ರಲ್ಲಿ ಕಂಟ್ರೋಲ್, ಆಲ್ಟ್, ಡಿಲೀಟ್ ಒತ್ತಿದರೆ ಓಡುತ್ತಿರುವ ಪ್ರೋಗ್ರಾಮುಗಳ ಹೆಸರಷ್ಟೇ ಬರುತ್ತಿತ್ತು. ಪ್ರೊಸೆಸರನ್ನು ಯಾವುದು ಎಷ್ಟು ತಿನ್ನುತ್ತಿದೆ ಅನ್ನುವುದು ಕಾಣುತ್ತಿರಲಿಲ್ಲ. ಯೂನಿಕ್ಸ್‌ನವರಿಗೆ ಆ ಲೆಕ್ಕ ತೋರಿಸುವ ‘ಟಾಪ್’ 1984ರಲ್ಲೇ ಸಿಕ್ಕಿತ್ತು. ಡೇವ್ ಪ್ಲಮ್ಮರ್ ಬರೆದ ಟಾಸ್ಕ್ ಮ್ಯಾನೇಜರ್ 1996ರಲ್ಲಿ ವಿಂಡೋಸ್ ಎನ್‌ಟಿ 4.0 ಜೊತೆ ಬಂತು, ಆದರೆ ಅದು ದೊಡ್ಡ ಕಚೇರಿಗಳ ವಿಂಡೋಸ್. ಮನೆ, ಅಂಗಡಿಗಳಿಗೆ ಆ ಪಟ್ಟಿ ಮುಟ್ಟಿದ್ದು 2001ರ ಎಕ್ಸ್‌ಪಿಯಿಂದ.

ಮುಟ್ಟಿದರೂ ಓದಲು ಬರಬೇಕಲ್ಲ. ‘ಸಿಸ್ಟಮ್ ಐಡಲ್ ಪ್ರೊಸೆಸ್’ ಎದುರು 98 ಕಂಡು ಗಾಬರಿಯಾದವರು ಎಷ್ಟೋ ಮಂದಿ. ಅದು ಪ್ರೊಸೆಸರ್ ಖಾಲಿ ಕೂತಿರುವ ಲೆಕ್ಕ, ಹೆಚ್ಚಿದ್ದಷ್ಟೂ ಒಳ್ಳೆಯದು. ‘ಎಸ್‌ವಿಸಿಹೋಸ್ಟ್’ ಇನ್ನೂ ಕಷ್ಟ: ಒಂದೇ ಹೆಸರಿನಡಿ ಹಲವು ಸೇವೆಗಳು. ಅದನ್ನು ಬಿಡಿಸಿ ತೋರಿಸಿದ್ದು ಮಾರ್ಕ್ ರುಸಿನೋವಿಚ್ ಬರೆದ ಪ್ರೊಸೆಸ್ ಎಕ್ಸ್‌ಪ್ಲೋರರ್. ನನ್ನ ಮಟ್ಟಿಗೆ ಈ ಕಸುಬಿನ ಅತ್ಯುತ್ತಮ ಉಪಕರಣ ಅದೇ. 2012ರ ವಿಂಡೋಸ್ 8ರಲ್ಲಿ ಟಾಸ್ಕ್ ಮ್ಯಾನೇಜರೇ ಹೊಸ ರೂಪ ಪಡೆದು, ಹೆಚ್ಚು ತಿನ್ನುವುದನ್ನು ಗಾಢ ಬಣ್ಣದಲ್ಲಿ ತೋರಿಸತೊಡಗಿತು.

2018ರಲ್ಲಿ ಕುರುಗೋಡಿನ ಹುಡುಗನೊಬ್ಬನ ಲ್ಯಾಪ್‌ಟಾಪ್ ಬಂತು. ಬ್ರೌಸರ್ ಒಂದೇ ನೂರಕ್ಕೆ ನೂರು. ಅವನು ಪುಕ್ಕಟೆ ಸಿನಿಮಾ ನೋಡುತ್ತಿದ್ದ ಪುಟದಲ್ಲಿ ಅಡಗಿದ್ದ ಕೋಡು, ಇವನ ಕರೆಂಟಿನಲ್ಲಿ ಬೇರೆ ಯಾರಿಗೋ ಡಿಜಿಟಲ್ ನಾಣ್ಯ ದುಡಿಯುತ್ತಿತ್ತು. ಪುಟ ಮುಚ್ಚಿದೆ, ಅಷ್ಟೇ ರಿಪೇರಿ.

ಪಟ್ಟಿಯಲ್ಲಿ ಕಳ್ಳನೇ ಸಿಗದ ಸಂದರ್ಭವೂ ಉಂಟು, ಅದರಲ್ಲೂ ನಮ್ಮ ಬೇಸಿಗೆಯಲ್ಲಿ. ಬಿಸಿ ಮಿತಿ ಮೀರಿದರೆ ಪ್ರೊಸೆಸರ್ ತನ್ನ ವೇಗವನ್ನು ತಾನೇ ತಗ್ಗಿಸಿಕೊಳ್ಳುತ್ತದೆ. ಆಗ ಸಣ್ಣ ಕೆಲಸವೂ ಭಾರ. ಸಿರುಗುಪ್ಪದ ಅಕ್ಕಿ ಮಿಲ್ಲೊಂದರ ಲ್ಯಾಪ್‌ಟಾಪಿಗೆ ಆಗಿದ್ದು ಇದೇ. ಟಾಸ್ಕ್ ಮ್ಯಾನೇಜರಿನ ಪರ್ಫಾರ್ಮೆನ್ಸ್ ಪುಟದಲ್ಲಿ ವೇಗ 1 ಗಿಗಾಹರ್ಟ್ಸ್‌ಗೂ ಕೆಳಗಿತ್ತು. ಬಿಚ್ಚಿದರೆ ಫ್ಯಾನಿನ ತುಂಬ ಹೊಟ್ಟಿನ ಧೂಳು. ಬ್ರಷ್ ಹಾಕಿ ತೆಗೆದು, ಥರ್ಮಲ್ ಪೇಸ್ಟ್ ಹಚ್ಚಿದ ಮೇಲೆ ವೇಗ ಏರಿತು. ಹಾರ್ಡ್ ಡಿಸ್ಕ್ ಮುಟ್ಟಲಿಲ್ಲ. ಆ ಸುಗ್ಗಿಯ ಭತ್ತದ ಲೆಕ್ಕವೆಲ್ಲ ಇದ್ದ ಹಾಗೇ ಮಿಲ್ಲಿಗೆ ಮರಳಿತು.