ತೂತು ತೋರಿಸಿದವನು ಕಳ್ಳನೇ?

1851ರಲ್ಲಿ ಲಂಡನ್ನಿನ ಹೈಡ್ ಪಾರ್ಕಿನಲ್ಲಿ ಗಾಜಿನ ಅರಮನೆ ಕಟ್ಟಿ, ದೇಶದೇಶಗಳ ಸರಕನ್ನೆಲ್ಲ ಪ್ರದರ್ಶನಕ್ಕೆ ಇಟ್ಟಿದ್ದರು. ಆ ಜಾತ್ರೆಗೆ ಅಮೆರಿಕದಿಂದ ಬಂದವರಲ್ಲಿ ಆಲ್ಫ್ರೆಡ್ ಚಾರ್ಲ್ಸ್ ಹಾಬ್ಸ್ ಎಂಬ ಬೀಗದ ವ್ಯಾಪಾರಿಯೂ ಒಬ್ಬ. ಯಾರಿಂದಲೂ ತೆರೆಯಲಾಗದು ಎಂದು ಇಂಗ್ಲೆಂಡಿನವರು ನಂಬಿದ್ದ ಚಬ್ ಕಂಪನಿಯ ಬೀಗವನ್ನು ಅವನು 25 ನಿಮಿಷದಲ್ಲಿ ತೆರೆದುಬಿಟ್ಟ. ಬ್ರಾಮಾ ಕಂಪನಿಯವರು ತಮ್ಮ ಅಂಗಡಿಯ ಕಿಟಕಿಯಲ್ಲಿ ಒಂದು ಬೀಗವಿಟ್ಟು, ಬೀಗದ ಕೈ ಇಲ್ಲದೆ ಅದನ್ನು ತೆರೆದವರಿಗೆ 200 ಗಿನಿ ಬಹುಮಾನವೆಂದು ದಶಕಗಳಿಂದ ಬೋರ್ಡು ಹಾಕಿದ್ದರು. ಹಾಬ್ಸ್ 16 ದಿನಗಳಲ್ಲಿ ಒಟ್ಟು 51 ಗಂಟೆ ಕೂತು ಅದನ್ನೂ ತೆರೆದ. ಕಳ್ಳರಿಗೆ ದಾರಿ ತೋರಿಸಿಕೊಟ್ಟ ಎಂದು ಗದ್ದಲವೆದ್ದಿತು. ಕಳ್ಳರಿಗೆ ಈ ಗುಟ್ಟು ಮೊದಲೇ ಗೊತ್ತು, ಗೊತ್ತಿಲ್ಲದಿರುವುದು ಬೀಗ ಕೊಂಡ ಅಮಾಯಕರಿಗೆ ಮಾತ್ರ ಎಂಬುದು ಹಾಬ್ಸನ ಪರ ನಿಂತವರ ಉತ್ತರವಾಗಿತ್ತು.

ಕಂಪ್ಯೂಟರ್ ಹ್ಯಾಕಿಂಗ್ ನೈತಿಕವಾಗಬಲ್ಲದೇ ಎಂಬ ಇಂದಿನ ಚರ್ಚೆ ಈ ಹಳೆಯ ಜಗಳದ ಮುಂದುವರಿಕೆಯೇ. ‘ಹ್ಯಾಕ್’ ಎಂಬ ಮಾತಿಗೆ ಮೊದಲು ಕಳ್ಳತನದ ವಾಸನೆ ಇರಲಿಲ್ಲ. ಅಮೆರಿಕದ ಎಂಐಟಿಯಲ್ಲಿ ಆಟಿಕೆ ರೈಲು ಕಟ್ಟುತ್ತಿದ್ದ ಹುಡುಗರ ಸಂಘದಲ್ಲಿ, 1950ರ ದಶಕದ ಕೊನೆಯ ಹೊತ್ತಿಗೆ, ಜಾಣ ಉಪಾಯಕ್ಕೆ ಆ ಹೆಸರಿತ್ತು. 1980ರ ದಶಕದಲ್ಲಿ ಪತ್ರಿಕೆಗಳೂ ಸಿನಿಮಾಗಳೂ ಸೇರಿ ಹ್ಯಾಕರ್ ಎಂದರೆ ಕನ್ನ ಹಾಕುವವನು ಎಂಬ ಅರ್ಥವನ್ನು ಗಟ್ಟಿ ಮಾಡಿದವು.

ನಮ್ಮ ದೇಶದ ಕಾನೂನಿನಲ್ಲೂ ಈ ಶಬ್ದಕ್ಕೆ ಒಂದು ಚಿಕ್ಕ ಚರಿತ್ರೆಯಿದೆ. ಮಾಹಿತಿ ತಂತ್ರಜ್ಞಾನ ಕಾಯ್ದೆ 2000ರಲ್ಲಿ ಬಂದಾಗ ಅದರ 66ನೇ ಸೆಕ್ಷನ್ನಿನ ತಲೆಬರಹದಲ್ಲೇ ‘ಹ್ಯಾಕಿಂಗ್’ ಎಂಬ ಪದವಿತ್ತು. 2008ರ ತಿದ್ದುಪಡಿ 2009ರ ಅಕ್ಟೋಬರ್ 27ರಂದು ಜಾರಿಗೆ ಬಂದಾಗ ಆ ಪದ ಮಾಯವಾಯಿತು. ಈಗ 43ನೇ ಸೆಕ್ಷನ್ ಕೇಳುವುದು ಮಾಲೀಕರ ಅಥವಾ ಉಸ್ತುವಾರಿ ಹೊತ್ತವರ ಅನುಮತಿ ಇತ್ತೇ ಎಂದು. ಇಲ್ಲದಿದ್ದರೆ ಪರಿಹಾರ ಕೊಡಬೇಕು. ಅದೇ ಕೆಲಸವನ್ನು ಅಪ್ರಾಮಾಣಿಕವಾಗಿ ಅಥವಾ ವಂಚನೆಯಿಂದ ಮಾಡಿದರೆ 66ನೇ ಸೆಕ್ಷನ್ನಿನಡಿ 3 ವರ್ಷದವರೆಗೆ ಜೈಲು, ಇಲ್ಲವೇ 5 ಲಕ್ಷ ರೂಪಾಯಿಯವರೆಗೆ ದಂಡ, ಅಥವಾ ಎರಡೂ. ಕಾನೂನು ಮನಸ್ಸಿನ ಉದ್ದೇಶವನ್ನು ಲೆಕ್ಕಕ್ಕೆ ತೆಗೆದುಕೊಂಡಿದೆ ನಿಜ. ಆದರೆ ಉದ್ದೇಶ ತೀರ್ಮಾನವಾಗುವುದು ಕೋರ್ಟಿನಲ್ಲಿ. ಅದಕ್ಕೆ ಮೊದಲು ನೋಟಿಸು, ಠಾಣೆ, ವಕೀಲರ ಫೀಸು ಎಲ್ಲವೂ ಬಂದು ಹೋಗಿರುತ್ತವೆ.

ಬೆಂಗಳೂರಿನಲ್ಲಿ ನಡೆದ ಮೂರು ಪ್ರಕರಣಗಳನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಈ ತೊಡಕು ಚೆನ್ನಾಗಿ ಕಾಣುತ್ತದೆ.

ಮೊದಲನೆಯದು 2015ರ ಜೂನ್ ತಿಂಗಳದ್ದು. ತಂತ್ರಜ್ಞ ತೇಜೇಶ್ ಜಿ.ಎನ್. ಅವರು ಏರ್‌ಟೆಲ್ 3ಜಿ ಮೂಲಕ ತಮ್ಮದೇ ಜಾಲತಾಣವನ್ನು ತೆರೆದಾಗ, ಅದರಲ್ಲಿ ತಾವು ಬರೆಯದ ಕೋಡ್ ಸೇರಿಕೊಂಡಿರುವುದನ್ನು ಕಂಡರು. ಪುಟ ಮೊಬೈಲಿಗೆ ಬರುವ ದಾರಿಯಲ್ಲಿ ಯಾರೋ ಅದನ್ನು ಸೇರಿಸುತ್ತಿದ್ದರು. ಅವರು ಅದರ ಪುರಾವೆಯನ್ನು ಗಿಟ್‌ಹಬ್‌ನಲ್ಲಿ ಎಲ್ಲರಿಗೂ ಕಾಣುವಂತೆ ಹಾಕಿದರು. ಕೆಲವೇ ದಿನಗಳಲ್ಲಿ ಆ ಕೋಡ್ ಬರೆದ ಇಸ್ರೇಲಿನ ಫ್ಲ್ಯಾಶ್ ನೆಟ್‌ವರ್ಕ್ಸ್ ಕಂಪನಿಯ ವಕೀಲರಿಂದ ನೋಟಿಸು ಬಂತು. ಗಿಟ್‌ಹಬ್ ಆ ಪುಟವನ್ನು ತೆಗೆದುಹಾಕಿತು. ಗ್ರಾಹಕರಿಗೆ ಡೇಟಾ ಬಳಕೆಯ ಲೆಕ್ಕ ತಿಳಿಸಲು ನಡೆಸಿದ ಪ್ರಯೋಗ ಅದು, ನೋಟಿಸಿಗೂ ತನಗೂ ಸಂಬಂಧವಿಲ್ಲ ಎಂದು ಏರ್‌ಟೆಲ್ ಹೇಳಿತು. ಇಲ್ಲಿ ಗಮನಿಸಬೇಕಾದ ಸಂಗತಿ ಒಂದೇ: ತೇಜೇಶ್ ಯಾರ ಮನೆಗೂ ನುಗ್ಗಿರಲಿಲ್ಲ. ತಮ್ಮ ಮನೆ ಬಾಗಿಲಿಗೆ ಬಂದ ಗಂಟನ್ನು ಬಿಚ್ಚಿ ನೋಡಿದ್ದರು, ಅಷ್ಟೆ.

ಎರಡನೆಯದು 2017ರ ಮೇ ತಿಂಗಳದ್ದು. ಸೆಂಟರ್ ಫಾರ್ ಇಂಟರ್ನೆಟ್ ಅಂಡ್ ಸೊಸೈಟಿ ಎಂಬ ಬೆಂಗಳೂರಿನ ಸಂಶೋಧನಾ ಸಂಸ್ಥೆ ಒಂದು ವರದಿ ಪ್ರಕಟಿಸಿತು. ನಾಲ್ಕು ಸರ್ಕಾರಿ ಜಾಲತಾಣಗಳಲ್ಲಿ ಸುಮಾರು 13 ಕೋಟಿ ಜನರ ಆಧಾರ್ ಸಂಖ್ಯೆಗಳು ಬಯಲಾಗಿ ಬಿದ್ದಿವೆ ಎಂಬುದು ಅದರ ಸಾರ. ಪಿಂಚಣಿ ಪಡೆಯುವ ಮುದುಕರು, ಉದ್ಯೋಗ ಖಾತ್ರಿಯ ಕೂಲಿಯವರು ಆ ಪಟ್ಟಿಗಳಲ್ಲಿದ್ದರು. ಹ್ಯಾಕ್ ಮಾಡದೆ ಈ ಮಾಹಿತಿ ಸಿಗದು ಎಂದು ಆಧಾರ್ ಪ್ರಾಧಿಕಾರವು ಸಂಸ್ಥೆಗೆ ಪತ್ರ ಬರೆದು ವಿವರ ಕೇಳಿತು. ಮಾಹಿತಿ ಸಾರ್ವಜನಿಕರಿಗೆ ಕಾಣುವಂತೆಯೇ ಇತ್ತು ಎಂಬುದು ಸಂಶೋಧಕರ ನಿಲುವು.

ಮೂರನೆಯದು ಅದೇ ವರ್ಷದ ಆಗಸ್ಟ್ ಮೊದಲ ವಾರದ್ದು. ಪ್ರಾಧಿಕಾರದ ದೂರಿನ ಮೇಲೆ ಬೆಂಗಳೂರು ಪೊಲೀಸರು ಒಬ್ಬ ಯುವ ಎಂಜಿನಿಯರನ್ನು ಬಂಧಿಸಿದರು. ಬಳಕೆದಾರರು ತಮ್ಮ ಆಧಾರ್ ವಿವರ ನೋಡಿಕೊಳ್ಳುವ ಒಂದು ಆ್ಯಪನ್ನು ಆತ ಮಾಡಿದ್ದ. ಆ ಆ್ಯಪ್ ಅನುಮತಿಯಿಲ್ಲದೆ ಸರ್ಕಾರದ ಇ-ಹಾಸ್ಪಿಟಲ್ ವ್ಯವಸ್ಥೆಯ ಮೂಲಕ ಆಧಾರ್ ಭಂಡಾರಕ್ಕೆ ದಾರಿ ಮಾಡಿಕೊಂಡಿತ್ತು, ಜಾಹೀರಾತಿನಿಂದ ಸುಮಾರು 40 ಸಾವಿರ ರೂಪಾಯಿ ಗಳಿಸಿತ್ತು ಎಂದು ಪೊಲೀಸರು ಹೇಳಿದರು. ಅದೇ ತಿಂಗಳ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನವು ಮೂಲಭೂತ ಹಕ್ಕು ಎಂದು ಸಾರಿತು. ಆ ಮೊಕದ್ದಮೆ ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ.

ಈ ಮೂವರನ್ನೂ ‘ಹ್ಯಾಕರ್’ ಎಂಬ ಒಂದೇ ಗೋಣಿಚೀಲಕ್ಕೆ ತುಂಬಬಹುದೇ? 2019ರಲ್ಲಿ ನಮ್ಮ ರಾಜ್ಯದ ಇ-ಪ್ರೊಕ್ಯೂರ್‌ಮೆಂಟ್ ಪೋರ್ಟಲ್ಲಿಗೆ ನುಗ್ಗಿ ಗುತ್ತಿಗೆದಾರರ ಠೇವಣಿಯಿಂದ 11 ಕೋಟಿ ರೂಪಾಯಿಗೂ ಹೆಚ್ಚು ಹಣ ಎತ್ತಿದವರನ್ನೂ ಇವರ ಜೊತೆ ಕೂರಿಸಬೇಕೇ?

ಹರಿಹರ ತಾಲ್ಲೂಕಿನ ನಮ್ಮ ಕೊಂಡಜ್ಜಿಯಂಥ ಕೆರೆಯ ಊರಿನವರಿಗೆ ಈ ವ್ಯತ್ಯಾಸವನ್ನು ಬಿಡಿಸಿ ಹೇಳಬೇಕಿಲ್ಲ. ಕೆರೆ ಏರಿಯಲ್ಲಿ ಏಡಿ ತೋಡಿದ ಬಿಲವನ್ನು ಕಂಡವನು ಏನು ಮಾಡುತ್ತಾನೆ? ಒಬ್ಬ ಓಡಿ ಹೋಗಿ ನೀರಗಂಟಿಗೆ ಹೇಳುತ್ತಾನೆ. ಇನ್ನೊಬ್ಬ ಸದ್ದಿಲ್ಲದೆ ಅಲ್ಲಿಂದ ತನ್ನ ಗದ್ದೆಗೆ ನೀರು ಹರಿಸಿಕೊಳ್ಳುತ್ತಾನೆ. ಮತ್ತೊಬ್ಬ ತಾನು ಹೇಳಿದ್ದು ನಿಜವೆಂದು ತೋರಿಸಲು ಬಿಲವನ್ನು ಅಗಲ ಮಾಡುತ್ತಾನೆ. ಬಿಲ ಕಂಡದ್ದು ಮೂವರಿಗೂ ಸಮಾನ. ಕಂಡ ಮೇಲೆ ಮಾಡಿದ್ದು ಬೇರೆ.

ಹ್ಯಾಕಿಂಗಿನ ನೀತಿಯೂ ಅಲ್ಲೇ ಇದೆ ಎಂದು ನನಗೆ ಅನಿಸುತ್ತದೆ. ದೋಷವಿದೆ ಎಂದು ತೋರಿಸಲು ಬೇಕಾದಷ್ಟು ಮಾತ್ರ ಒಳಗೆ ಹೋದನೇ? ಪರರ ದುಡ್ಡನ್ನಾಗಲಿ ಮಾಹಿತಿಯನ್ನಾಗಲಿ ಎತ್ತಿಕೊಳ್ಳದೆ ಬಂದನೇ? ಸರಿಪಡಿಸಬೇಕಾದವರಿಗೆ ಮೊದಲು ಹೇಳಿ, ಸಮಯ ಕೊಟ್ಟು, ಆಮೇಲೆ ತನ್ನ ಹೆಸರಿನಲ್ಲೇ ಊರಿಗೆ ಹೇಳಿದನೇ? ಒಳ್ಳೆಯ ಮನಸ್ಸು ಇತ್ತು ಎಂಬುದಷ್ಟೇ ಸಾಲದು. ಆಧಾರ್ ಆ್ಯಪಿನ ಪ್ರಕರಣದಲ್ಲಿ ಪೊಲೀಸರು ಹೇಳಿದ್ದೆಲ್ಲ ನಿಜವಾಗಿದ್ದರೆ, ಅಲ್ಲಿ ಯಾರ ದುಡ್ಡೂ ಹೋಗದಿದ್ದರೂ, ಬಿಲ ಕಂಡವನು ನೀರಗಂಟಿಗೆ ಹೇಳದೆ ಅದನ್ನೇ ಕಾಲುವೆ ಮಾಡಿಕೊಂಡಂತಾಯಿತು.

ಆದರೆ ಈ ಪ್ರಶ್ನೆಗಳನ್ನು ಹ್ಯಾಕರನಿಗೆ ಮಾತ್ರ ಕೇಳುವುದು ಅರ್ಧ ನ್ಯಾಯ. ಹೇಳಲು ಬಂದವನಿಗೆ ಬಾಗಿಲು ತೆರೆದಿದೆಯೇ ಎಂದು ಬೀಗದ ಮಾಲೀಕನನ್ನೂ ಕೇಳಬೇಕು. ಬಾಗಿಲು ತೆರೆದಾಗ ಏನಾಗುತ್ತದೆ ಎಂಬುದಕ್ಕೂ ಬೆಂಗಳೂರಿನದೇ ಉದಾಹರಣೆಯಿದೆ. 2016ರಲ್ಲಿ ಅಲ್ಲಿನ ಎಂಜಿನಿಯರ್ ಆನಂದ್ ಪ್ರಕಾಶ್, ಯಾರ ಫೇಸ್‌ಬುಕ್ ಖಾತೆಯನ್ನಾದರೂ ವಶಪಡಿಸಿಕೊಳ್ಳಬಹುದಾದ ದೋಷವೊಂದನ್ನು ಹುಡುಕಿದರು. ಪಾಸ್‌ವರ್ಡ್ ಮರೆತವರಿಗೆ ಬರುವ ಆರಂಕಿಯ ಗುಟ್ಟು ಸಂಖ್ಯೆಯನ್ನು ಎಷ್ಟು ಸಲ ಬೇಕಾದರೂ ಊಹಿಸಲು ಕಂಪನಿಯ ಒಂದು ಪ್ರಾಯೋಗಿಕ ತಾಣ ಬಿಡುತ್ತಿತ್ತು. ಅವರು ಕಂಪನಿಗೇ ತಿಳಿಸಿದರು. ದೋಷ ಸರಿಯಾಯಿತು, ಅವರಿಗೆ 15,000 ಡಾಲರ್ ಬಹುಮಾನ ಬಂತು. ಇದು ಬ್ರಾಮಾ ಅಂಗಡಿಯ ಬೋರ್ಡಿನ ಇಂದಿನ ರೂಪ.

ಕೆಲವು ದೇಶಗಳು ಇದನ್ನು ಕಂಪನಿಗಳ ಔದಾರ್ಯಕ್ಕೆ ಮಾತ್ರ ಬಿಟ್ಟಿಲ್ಲ. ಪ್ರಾಮಾಣಿಕ ಭದ್ರತಾ ಸಂಶೋಧಕರ ಮೇಲೆ ಮೊಕದ್ದಮೆ ಹೂಡಬಾರದು ಎಂದು ಅಮೆರಿಕದ ನ್ಯಾಯ ಇಲಾಖೆ 2022ರ ಮೇ ತಿಂಗಳಲ್ಲಿ ತನ್ನ ವಕೀಲರಿಗೆ ಸೂಚಿಸಿತು. ಬೆಲ್ಜಿಯಂ 2023ರಲ್ಲಿ ಕಾನೂನನ್ನೇ ಮಾಡಿ, ಷರತ್ತುಗಳಿಗೆ ಒಳಪಟ್ಟು ದೋಷ ವರದಿ ಮಾಡಿದವರಿಗೆ ರಕ್ಷಣೆ ಕೊಟ್ಟಿತು. ನಮ್ಮಲ್ಲಿ ಸರ್ಟ್-ಇನ್ ಸಂಸ್ಥೆ ಇಂಥ ವರದಿಗಳನ್ನು ಸ್ವೀಕರಿಸುತ್ತದೆ. ಆದರೆ ವರದಿ ಮಾಡಿದವನನ್ನು ಕಾಪಾಡುವ ಸಾಲು ಮಾಹಿತಿ ತಂತ್ರಜ್ಞಾನ ಕಾಯ್ದೆಯಲ್ಲಿಲ್ಲ.

ಇದರ ಬೆಲೆ ತೆರುವವರು ತಂತ್ರಜ್ಞರಲ್ಲ. ಪಡಿತರ, ಪಿಂಚಣಿ, ಬೆಳೆ ಪರಿಹಾರ ಎಲ್ಲದಕ್ಕೂ ಆಧಾರ್ ಸಂಖ್ಯೆ ಕೊಟ್ಟು ಬರುವ ನಮ್ಮ ಊರುಗಳ ಜನ. ತಮ್ಮ ಹೆಸರು ಯಾವ ತಾಣದಲ್ಲಿ ಬಯಲಾಗಿದೆ ಎಂಬುದು ಅವರಿಗೆ ತಿಳಿಯುವುದೇ ಇಲ್ಲ. ತಿಳಿಯಬಲ್ಲ ಹುಡುಗ ಹುಡುಗಿಯರು ದಾವಣಗೆರೆಯ ಕಾಲೇಜುಗಳಲ್ಲೂ ಓದುತ್ತಿದ್ದಾರೆ. ಅವರಲ್ಲೊಬ್ಬರು ನಾಳೆ ಅಂಥ ತೂತೊಂದನ್ನು ಕಂಡರೆ ಅದನ್ನು ಹೇಳಬೇಕೋ ಸುಮ್ಮನಿರಬೇಕೋ ಎಂದು ಯೋಚಿಸಬೇಕಾದ ಸ್ಥಿತಿ ಇರುವವರೆಗೂ, ಆ ತೂತಿನ ಸುದ್ದಿ ಕಳ್ಳನಿಗೇ ಮೊದಲು ತಲುಪುತ್ತದೆ.